ಬಂಡೆ ಹತ್ತುವವರಿಗೆ ರೇಬೀಸ್ ರೋಗದ ಕುರಿತು ಮಾಹಿತಿ

ರೇಬೀಸ್ (ಹುಚ್ಚುನಾಯಿ ರೋಗ) ಸೋಂಕಿತ ಪ್ರಾಣಿಯ ಜೊಲ್ಲಿನ ಮೂಲಕ ಹರಡುವ ವೈರಾಣು ರೋಗವಾಗಿದೆ. ರೋಗಲಕ್ಷಣ ಕಾಣಿಸಿಕೊಂಡ ನಂತರ ಸಾವು ಬಹುತೇಕ ಖಚಿತ. ಸಕಾಲದ ಚಿಕಿತ್ಸೆಯಿಂದ ಇದನ್ನು ಪೂರ್ಣವಾಗಿ ತಡೆಗಟ್ಟಬಹುದು. ರಾಜ್ಯದಲ್ಲಿ 2022ರಲ್ಲಿ ಇದನ್ನು ಅಧಿಸೂಚಿತ ರೋಗವೆಂದು ಘೋಷಿಸಲಾಗಿದೆ.

ಅಪಾಯದ ಸ್ವರೂಪ

ದಾವಣಗೆರೆ ಮತ್ತು ಹರಿಹರದಿಂದ ಕೊಂಡಜ್ಜಿ ಗುಡ್ಡಕ್ಕೆ ಅಥವಾ ನೆರೆಯ ಚಿತ್ರದುರ್ಗದ ಬಂಡೆಗಳಿಗೆ ತೆರಳುವವರಿಗೆ ಬೀದಿ ನಾಯಿ, ಕೋತಿಗಳು ಎದುರಾಗುವ ಸಂಭವವಿರುತ್ತದೆ. ಬಂಡೆ ಹತ್ತುವವರ ಅಂಗೈ, ಬೆರಳುಗಳಲ್ಲಿ ತರಚುಗಾಯ ಸಾಮಾನ್ಯ. ಅಂತಹ ಗಾಯವನ್ನು ಪ್ರಾಣಿಯು ನೆಕ್ಕಿದಲ್ಲಿ, ಕಚ್ಚದಿದ್ದರೂ, ಅದನ್ನು ತೀವ್ರ ಸ್ವರೂಪದ ಮೂರನೇ ವರ್ಗದ ಪ್ರಕರಣವೆಂದು ಪರಿಗಣಿಸಲಾಗುತ್ತದೆ.

ಕೈಗೊಳ್ಳಬೇಕಾದ ಕ್ರಮಗಳು

1. ಗಾಯವನ್ನು ಸ್ಥಳದಲ್ಲಿಯೇ ಸಾಬೂನು ಮತ್ತು ಧಾರಾಳ ನೀರಿನಿಂದ 15 ನಿಮಿಷ ತೊಳೆಯತಕ್ಕದ್ದು. ಬೆಟ್ಟದ ಮೇಲೆ ನೀರು ದೊರೆಯದಿರುವುದರಿಂದ ಇವೆರಡನ್ನೂ ಜೊತೆಗೆ ಒಯ್ಯುವುದು ಅವಶ್ಯಕ.

2. ಸುಣ್ಣ, ಖಾರದ ಪುಡಿ, ಅರಿಶಿನ ಅಥವಾ ಕೈಗೆ ಬಳಸುವ ಚಾಕ್ ಪುಡಿಯನ್ನು ಗಾಯಕ್ಕೆ ಹಚ್ಚಬಾರದು.

3. ಅದೇ ದಿನ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಹರಿಹರದ ತಾಲ್ಲೂಕು ಆಸ್ಪತ್ರೆ ಅಥವಾ ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯರನ್ನು ಕಾಣತಕ್ಕದ್ದು.

4. ಚರ್ಮದೊಳಗೆ ನೀಡುವ ಲಸಿಕೆಯನ್ನು 0, 3, 7 ಮತ್ತು 28ನೇ ದಿನಗಳಂದು ತಪ್ಪದೆ ಪಡೆಯಬೇಕು. ಮೂರನೇ ವರ್ಗದ ಪ್ರಕರಣಗಳಲ್ಲಿ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಸಹ ಅಗತ್ಯ.

ಮುಂಜಾಗ್ರತೆ

ಪದೇ ಪದೇ ಇಂತಹ ಸ್ಥಳಗಳಿಗೆ ತೆರಳುವವರು ಮುಂಚಿತವಾಗಿಯೇ ಲಸಿಕೆ ಪಡೆಯುವ ಬಗ್ಗೆ ವೈದ್ಯರ ಸಲಹೆ ಪಡೆಯಬಹುದು. ಹೀಗೆ ಪೂರ್ಣ ಲಸಿಕೆ ಪಡೆದವರಿಗೂ ಪ್ರಾಣಿ ಕಚ್ಚಿದಲ್ಲಿ 0 ಮತ್ತು 3ನೇ ದಿನಗಳಂದು ಲಸಿಕೆ ಅವಶ್ಯಕ. ಪ್ರಾಣಿಗಳಿಗೆ ಆಹಾರ ನೀಡಬಾರದು. ತಿಂಡಿಯ ಚೀಲವನ್ನು ತೆರೆದಿಡಬಾರದು.