ಮರೆತುಹೋದ ಕಪ್ಪೆ

ಶನಿವಾರಸಂತೆಯಲ್ಲಿ ಮಳೆ ಹಿಡಿದರೆ ಇರುಳಿಡೀ ಕಪ್ಪೆಗಳ ಗೋಷ್ಠಿ. ಕನ್ನಡ ಪಾಠ ಹೇಳಿಕೊಂಡಿದ್ದ ನಾನು ಅದನ್ನು ಬರಿಯ ವಟವಟವೆಂದೇ ಬಗೆದಿದ್ದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಬೋಧಿಸಿದ ಸಿ. ಆರ್. ನಾರಾಯಣರಾಯರು ಹಾಗೆ ಬಗೆಯಲಿಲ್ಲ. 1920ರಲ್ಲಿ ಅವರು ಕೊಡಗಿನ ಇರುಳುಗಪ್ಪೆಯೊಂದನ್ನು ವರ್ಣಿಸಿ, ‘ಪವಿತ್ರ ಜೌಗಿನದು’ ಎಂಬರ್ಥದ ಲ್ಯಾಟಿನ್ ಹೆಸರಿಟ್ಟರು. ಬಳಿಕ ವಿದ್ವಲ್ಲೋಕ ಅದನ್ನು ಮರೆತೇಬಿಟ್ಟಿತು, 91 ವರ್ಷ! 2011ರಲ್ಲಿ ಎಸ್. ಡಿ. ಬಿಜು ಮತ್ತು ಸಂಗಡಿಗರು ಅದು ಮರಳಿ ದೊರೆತುದನ್ನು ಪ್ರಕಟಿಸಿದರು. ಜೊತೆಗೇ ಪಶ್ಚಿಮಘಟ್ಟದ 12 ಹೊಸ ಇರುಳುಗಪ್ಪೆಗಳನ್ನು ಹೆಸರಿಸಿದರು. 2014ರಲ್ಲಿ ಉತ್ತರ ಕನ್ನಡದಿಂದ ಇನ್ನೊಂದು: ಮೊಟ್ಟೆಗಳಿಗೆ ಗಂಡೇ ಕೆಸರು ಮೆತ್ತುತ್ತದೆ. ಅದಕ್ಕೆ ‘ಕುಂಬಾರ’ವೆಂದು ಕನ್ನಡದ್ದೇ ಹೆಸರು; ನನಗೆ ಹಿಗ್ಗು, ಒಪ್ಪಿಕೊಳ್ಳುತ್ತೇನೆ.

ಮೊನ್ನೆ ಮಳೆಯಿರುಳು, ಹಿತ್ತಿಲ ಹಳ್ಳದಲ್ಲಿ ಎಷ್ಟು ಬಗೆಯ ದನಿಗಳೆಂದು ಎಣಿಸಲು ಕುಳಿತೆ. ನಾಲ್ಕರ ಮೇಲೆ ಲೆಕ್ಕ ತಪ್ಪಿತು. ಟಾರ್ಚು ಹಿಡಿದು ಕೆಳಗಿಳಿಯಲು ಎಳೆಯ ಕಾಲುಗಳೇ ಬೇಕು, ಹಳ್ಳ ಬತ್ತುವ ಮುನ್ನ.