ಕೆ.ಬಿ. ಕ್ರಾಸ್‌ನ ಕೈಗೊಡಲಿ ಜನ ಎಲ್ಲಿ ಹೋದರು?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ರಸ್ತೆಗಳು ಕೂಡುವ ಕೆ.ಬಿ. ಕ್ರಾಸ್ ಬಸ್ಸು ಬದಲಿಸುವ ಪ್ರಯಾಣಿಕರಿಗೆಲ್ಲ ಪರಿಚಿತ ಸ್ಥಳ. ಆದರೆ ಈ ಕ್ರಾಸ್‌ಗೆ ಹೆಸರು ಕೊಟ್ಟ ಕಿಬ್ಬನಹಳ್ಳಿ, ಭಾರತದ ಹಳೆ ಶಿಲಾಯುಗದ ಭೂಪಟದಲ್ಲಿ ಸ್ಥಾನ ಪಡೆದಿದೆ ಎಂಬುದು ಎಷ್ಟೋ ಮಂದಿಗೆ ತಿಳಿಯದು.

ಇಲ್ಲಿ ದೊರೆತ ಕಲ್ಲಿನ ಆಯುಧಗಳನ್ನು ಅಭ್ಯಸಿಸಿ ಮೈಸೂರು ವಿಶ್ವವಿದ್ಯಾನಿಲಯದ ಡಾ. ಎಂ. ಶೇಷಾದ್ರಿ 1955ರಲ್ಲಿ ವಿದ್ವತ್ ಲೇಖನ ಪ್ರಕಟಿಸಿದರು. ಇವುಗಳಲ್ಲಿ ಮುಖ್ಯವಾದುದು ಕೈಗೊಡಲಿ. ಇದಕ್ಕೆ ಕಾವು ಇಲ್ಲ, ಅಂಗೈಯಲ್ಲೇ ಹಿಡಿಯಬೇಕು. ಗಟ್ಟಿ ಕಲ್ಲಿನ ಎರಡೂ ಮೈಯಿಂದ ಚಕ್ಕೆ ಎಬ್ಬಿಸಿ, ಬುಡ ದಪ್ಪ, ತುದಿ ಚೂಪು ಮಾಡಿರುತ್ತಾರೆ. ಮಾಂಸ ಕೊಯ್ಯಲು, ಗೆಡ್ಡೆ ಅಗೆಯಲು ಇದೊಂದೇ ಸಾಕು.

ಹರಪ್ಪದಂತೆ ಊರು ಕಟ್ಟಿದ ನಾಗರಿಕತೆ ಇದಲ್ಲ. ಆಗ ತೆಂಗು ಇರಲಿಲ್ಲ, ಕೆರೆ ಇರಲಿಲ್ಲ, ರಾಗಿಯೂ ಇರಲಿಲ್ಲ. ಬೇಟೆಯನ್ನೂ ನೀರನ್ನೂ ಹಿಂಬಾಲಿಸಿ ಅಲೆಯುತ್ತಿದ್ದ ಸಣ್ಣ ಸಣ್ಣ ಗುಂಪುಗಳು ಅವು. ಇದೇ ಬಗೆಯ ಆಯುಧಗಳು ದೊರೆತ ಯಾದಗಿರಿ ಜಿಲ್ಲೆಯ ಇಸಾಂಪುರದ ಕಾಲವನ್ನು ವಿಜ್ಞಾನಿಗಳು ಸುಮಾರು 12 ಲಕ್ಷ ವರ್ಷಗಳ ಹಿಂದಕ್ಕೆ ಒಯ್ದಿದ್ದಾರೆ.

ಹಾಗಾದರೆ ಈ ಜನ ಏನಾದರು? ಪ್ರಳಯವೊಂದು ಅವರನ್ನು ಒಂದೇ ಸಲಕ್ಕೆ ಅಳಿಸಿತೆಂದು ಊಹಿಸುವುದು ಸುಲಭ. ಆದರೆ ಆಯುಧಗಳು ಬೇರೆ ಕಥೆ ಹೇಳುತ್ತವೆ. ಚೆನ್ನೈ ಸಮೀಪದ ಅತ್ತಿರಂಪಾಕ್ಕಂನಲ್ಲಿ ಸುಮಾರು 3.85 ಲಕ್ಷ ವರ್ಷಗಳ ಹಿಂದೆಯೇ ದೊಡ್ಡ ಕೈಗೊಡಲಿಗಳು ಹಿಂದೆ ಸರಿದು, ಹಗುರವಾದ ಚಕ್ಕೆ ಆಯುಧಗಳು ಬಳಕೆಗೆ ಬರತೊಡಗಿದ್ದವು ಎಂದು 2018ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿತು. ಅಂದರೆ ಅಲ್ಲಿ ಕಾಣುವುದು ಹಠಾತ್ ಅಳಿವಲ್ಲ, ನಿಧಾನದ ಬದಲಾವಣೆ.

ನಿಜಕ್ಕೂ ಮಾಯವಾಗಿರುವುದು ಅವರ ಮೈಯ ಗುರುತು. ನಮ್ಮ ಮಣ್ಣು, ಮಳೆಗಳಲ್ಲಿ ಅಷ್ಟು ಹಳೆಯ ಮೂಳೆ ಉಳಿಯುವುದು ತೀರಾ ಅಪರೂಪ. ಆ ಪ್ರಾಚೀನ ಮಾನವನ ತಲೆಬುರುಡೆಯ ಭಾಗ ಭಾರತದಲ್ಲಿ ದೊರೆತದ್ದು 1982ರಲ್ಲಿ, ಮಧ್ಯಪ್ರದೇಶದ ನರ್ಮದಾ ತೀರದ ಹಥ್ನೋರಾದಲ್ಲಿ.

ಆದ್ದರಿಂದ ಕಿಬ್ಬನಹಳ್ಳಿಯ ಜನರ ಪರವಾಗಿ ಸಾಕ್ಷಿ ನುಡಿಯಬಲ್ಲದ್ದು ಕಲ್ಲು ಮಾತ್ರ. ಅದೂ ಬಿದ್ದ ಜಾಗದಲ್ಲಿ, ತನ್ನ ಮಣ್ಣಿನ ಪದರದಲ್ಲಿ ಇದ್ದರಷ್ಟೇ ಕಾಲ ಹೇಳಬಲ್ಲದು. ತೆಂಗಿನ ಸಸಿಗೆ ಗುಣಿ ತೆಗೆಯುವಾಗಲೋ, ರಸ್ತೆಯ ಜಲ್ಲಿಗೆ ಕಲ್ಲು ಸಾಗಿಸುವಾಗಲೋ ಅದು ಕದಲಿದರೆ ಅರ್ಧ ಮೂಕವಾಗುತ್ತದೆ. ಲಕ್ಷಾಂತರ ವರ್ಷ ಉಳಿದು ಬಂದ ಗುರುತು ಕಳೆದುಹೋಗಲು ಒಂದು ಮಧ್ಯಾಹ್ನದ ಕೆಲಸ ಸಾಕು.