ಖಡಕಿಯಲ್ಲಿ ನೆನಪಾದ ಜಾರ್ಜ್

1998ರಲ್ಲಿ ನಾನು ಪುಣೆಯ ಖಡಕಿ ಶಾಖೆಯಲ್ಲಿದ್ದೆ. ತಿಂಗಳ ಮೊದಲ ವಾರ ಅಂದರೆ ಮದ್ದುಗುಂಡು ಕಾರ್ಖಾನೆಯವರ ಪಗಾರದ ಗದ್ದಲ. 1869ರಲ್ಲಿ ಬ್ರಿಟಿಷರು ಕಟ್ಟಿದ ಕಾರ್ಖಾನೆ ಅದು. ಅಲ್ಲಿ ನಮ್ಮ ವಿಜಾಪುರದ ಕಡೆಯವರೂ ಇದ್ದರು. ನನ್ನ ಕನ್ನಡ ಕೇಳಿ ನನ್ನ ಟೇಬಲ್ಲಿಗೇ ಬರೋರು. ಆ ಮಾರ್ಚಿನಲ್ಲಿ ಜಾರ್ಜ್ ಫರ್ನಾಂಡಿಸ್ ರಕ್ಷಣಾ ಮಂತ್ರಿಯಾದಾಗ ಒಬ್ಬ ಹಿರಿಯರು ನಕ್ಕರು: "ಸ್ಟ್ರೈಕ್ ಮಾಡಸಾವ್ರ ಈಗ ನಮಗ ಮಾಲಕ್ರಾದ್ರಲ್ರೀ ಸಾಹೇಬ್ರ!"

ಮಾತು ನಿಜ. 1930ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಪಾದ್ರಿಯಾಗಲೆಂದು ಬೆಂಗಳೂರಿನ ಸೆಮಿನರಿ ಸೇರಿದ್ದರು. ಗುರುಗಳಿಗೊಂದು ಊಟ, ಹುಡುಗರಿಗೊಂದು ಊಟ ಅನ್ನೋದು ಸಹಿಸದೆ ಬಿಟ್ಟು ಬಂದರು. ಮುಂಬಯಿಯಲ್ಲಿ ಚೌಪಾಟಿಯ ಬೆಂಚಿನ ಮೇಲೆ ಮಲಗಿದರು. ಪ್ಲಾಸಿಡ್ ಡಿಮೆಲ್ಲೊ ಅವರ ಬಳಿ ಸಂಘದ ಕೆಲಸ ಕಲಿತು ಬಂದರು, ಟ್ಯಾಕ್ಸಿ, ಮುನಿಸಿಪಾಲಿಟಿ ನೌಕರರನ್ನು ಕಟ್ಟಿದರು. 1967ರಲ್ಲಿ ಸ.ಕಾ. ಪಾಟೀಲರಂಥವರನ್ನು ಸೋಲಿಸಿ ಲೋಕಸಭೆಗೆ ಹೋದರು. ಅದೇ ವರ್ಷ ಪುಣೆಯಿಂದ ಗೆದ್ದ ಎಸ್.ಎಂ. ಜೋಶಿಯವರೂ ರಕ್ಷಣಾ ನೌಕರರ ನಾಯಕರೇ. 1974ರ ಮೇ ತಿಂಗಳ ರೈಲ್ವೆ ಮುಷ್ಕರ, ತುರ್ತುಪರಿಸ್ಥಿತಿಯ ಜೈಲು, ಜೈಲಿನಿಂದಲೇ 1977ರ ಮುಜಫರ್‌ಪುರದ ಗೆಲುವು, ಇವೆಲ್ಲ ಓದುಗರಿಗೆ ಗೊತ್ತಿದ್ದದ್ದೇ.

ಬ್ಯಾಂಕಿನವನಾದ ನನಗೆ ಮುಖ್ಯವಾದದ್ದು ಬೇರೆ. 1968ರಲ್ಲಿ, ಹದಿನಾಲ್ಕು ಬ್ಯಾಂಕುಗಳ ರಾಷ್ಟ್ರೀಕರಣಕ್ಕೆ ಒಂದು ವರ್ಷ ಮೊದಲೇ, ಜಾರ್ಜ್ ಮತ್ತು ಸಂಗಡಿಗರು ಬಾಂಬೆ ಲೇಬರ್ ಕೋ-ಆಪರೇಟಿವ್ ಬ್ಯಾಂಕ್ ತೆರೆದರು. ದೊಡ್ಡ ಬ್ಯಾಂಕುಗಳು ಹತ್ತಿರ ಸೇರಿಸದ ದುಡಿಯುವವರಿಗೆ ಸಾಲ ಸಿಗಲಿ ಅಂತ.

ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಖಡಕಿಯಲ್ಲೇ ಒಬ್ಬ ರಿಕ್ಷಾದವ ಸ್ವಂತ ಗಾಡಿಗೆ ಸಾಲ ಕೇಳಿ ಮೂರು ಸಲ ಬಂದಿದ್ದ. ಜಾಮೀನುದಾರ ಇಲ್ಲ. ನಿಯಮ ತೋರಿಸಿ ಕಳಿಸಿದ್ದೆ. ನಾನೂ ಊರು ಬಿಟ್ಟು ಬಂದವನೇ. ಪರಊರಲ್ಲಿ ಜಾಮೀನು ಹಾಕೋರು ಯಾರು ಸಿಗುತ್ತಾರೆ ಅನ್ನೋದು ನನಗೆ ಗೊತ್ತಿರಲಿಲ್ಲವೇ? ನಾಲ್ಕನೇ ಸಲ ಅವನು ಬರಲಿಲ್ಲ.

ಜಾರ್ಜ್ 2019ರಲ್ಲಿ ತೀರಿಕೊಂಡರು. 2021ರಲ್ಲಿ ಖಡಕಿ ಕಾರ್ಖಾನೆ ಮ್ಯುನಿಷನ್ಸ್ ಇಂಡಿಯಾ ಕಂಪನಿಯ ಪಾಲಾಯಿತು. ಮುಂದೆ ನ್ಯೂ ಇಂಡಿಯಾ ಎಂದು ಹೆಸರಾದ ಆ ಕಾರ್ಮಿಕರ ಬ್ಯಾಂಕು 2025ರಲ್ಲಿ ಸಾರಸ್ವತ ಬ್ಯಾಂಕಿನಲ್ಲಿ ವಿಲೀನವಾಯಿತು. ಲೆಜರಿನ ಪ್ರಕಾರ ನನ್ನ ಖಡಕಿಯ ಲೆಕ್ಕ ಸರಿಯಾಗಿತ್ತು. ಆ ಒಂದು ಅರ್ಜಿ ಮಾತ್ರ ಇನ್ನೂ ಬಾಕಿ ಇದೆ.